ಅಪ್ಪನ ಪೆಟ್ಟಿಗೆಯ 212 ಕಾಗದಗಳು, ನನ್ನ ಆರ್ ಕಲಿಕೆ

ಪೆರ್ಲದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ತಾಳಮದ್ದಳೆ ಕೂಟಗಳ ಆಮಂತ್ರಣ ಕಾಗದಗಳು. ಅಪ್ಪ ಒಂದನ್ನೂ ಬಿಸಾಡಿದವರಲ್ಲ. ಎಣಿಸಿದರೆ 212.

ನಾನು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಾಮಾಜಿಕ ಜಾಲದ ವಿಶ್ಲೇಷಣೆ (ಯಾರಿಗೆ ಯಾರ ಜೊತೆ ನಂಟು ಎಂದು ಗೆರೆ ಎಳೆದು ನೋಡುವ ಲೆಕ್ಕ) ಕಲಿಯಲು ಕೂತದ್ದು ಹೋದ ಮಳೆಗಾಲ, ಅಡಿಕೆಗೆ ಮದ್ದು ಬಿಟ್ಟು ಮುಗಿದ ಮೇಲೆ. ಶುರು ಮಾಡಿದ್ದು ಎಲ್ಲರ ಹಾಗೆ ಜಾಕರಿಯ ಕರಾಟೆ ಕ್ಲಬ್ಬಿನಿಂದ, ಅಂದರೆ ಒಂದು ಕ್ಲಬ್ಬಿನಲ್ಲಿ ಯಾರಿಗೆ ಯಾರು ಸ್ನೇಹಿತರು ಎಂದು ಜಾಕರಿ ಎಂಬ ಸಂಶೋಧಕ ಬರೆದಿಟ್ಟ ಪಟ್ಟಿಯಿಂದ. 34 ಜನ, ಅವರ ನಡುವೆ 78 ಗೆರೆ; ಜಾಲದ ಲೆಕ್ಕಕ್ಕೆಂದೇ ಆರ್‌ಗೆ ಸೇರಿಸಿಕೊಳ್ಳುವ ಐಗ್ರಾಫ್ ಪ್ಯಾಕೇಜಿನಲ್ಲೇ ಸಿಗುತ್ತದೆ. ಆದರೆ ಆ ಅಮೆರಿಕದ ಕ್ಲಬ್ಬಿನವರು ಯಾರೂ ನನಗೆ ಗುರುತಿಲ್ಲ. ಉತ್ತರ ತಪ್ಪಿದರೂ ನನಗೆ ಗೊತ್ತಾಗುವುದಿಲ್ಲ, ಅಲ್ವಾ? ಆಗ ಪೆಟ್ಟಿಗೆ ನೆನಪಾಯಿತು. ಅದರಲ್ಲಿರುವವರೆಲ್ಲ ಅಪ್ಪನಿಗೆ ಗೊತ್ತು.

ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿದೆ: ಕೂಟ, ಕಲಾವಿದ. ಒಂದು ಕಡೆ ಜನ, ಇನ್ನೊಂದು ಕಡೆ ಕಾರ್ಯಕ್ರಮ. 1930ರ ದಶಕದ ಅಮೆರಿಕದಲ್ಲಿ 18 ಹೆಂಗಸರು 14 ಕಾರ್ಯಕ್ರಮಗಳಲ್ಲಿ ಯಾರ್ಯಾರು ಎಲ್ಲೆಲ್ಲಿ ಸೇರಿದರು ಎಂದು ಪಟ್ಟಿ ಮಾಡಿದ ಹಳೇ ಅಧ್ಯಯನವೊಂದಿದೆ. ನಮ್ಮದೂ ಅದೇ ಜಾತಿಯದ್ದು.

ಟೈಪ್ ಮಾಡಲು ನಾಲ್ಕು ವಾರ ಹಿಡಿಯಿತು. ಹೆಸರುಗಳದ್ದೇ ತಲೆನೋವು. ಒಬ್ಬರೇ ಕುಂಬಳೆಯ ಕಾಗದದಲ್ಲಿ ಮನೆ ಹೆಸರಿನಲ್ಲಿ, ಮುಳ್ಳೇರಿಯದ ಕಾಗದದಲ್ಲಿ ಊರಿನ ಹೆಸರಿನಲ್ಲಿ. ಕಂಪ್ಯೂಟರಿಗೆ ಅವರು ಇಬ್ಬರು. ಕೊನೆಗೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟೆ. ಚಿತ್ರದಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಬರುತ್ತಿದ್ದ ಕಾಟವೂ ಅದರಿಂದಲೇ ತಪ್ಪಿತು.

ಮೊದಲ ಚಿತ್ರ ಬಂದಾಗ ಕಾಗೆ ಗೂಡಿನ ಹಾಗಿತ್ತು. ಪುನಃ ಓಡಿಸಿದರೆ ಬೇರೆಯೇ ಆಕಾರ. ಡೇಟಾ ಹಾಳಾಯಿತೆಂದು ಗಾಬರಿಯಾದೆ. ಹಾಗೇನಿಲ್ಲ. ಬಿಂದುಗಳನ್ನು ಎಲ್ಲಿಡಬೇಕೆಂದು ಅದು ಪ್ರತಿ ಸಲ ಹೊಸದಾಗಿ ಹುಡುಕುತ್ತದೆ. ಮೊದಲು ಸೆಟ್ ಡಾಟ್ ಸೀಡ್ ಎಂದು ಒಂದು ಸಂಖ್ಯೆ ಕೊಟ್ಟರೆ ಚಿತ್ರ ಬದಲಾಗುವುದಿಲ್ಲ.

ಗೂಡಿಗೆ ಕಾರಣ ಸಪ್ತಾಹಗಳು. ಒಂದೇ ಕೂಟದಲ್ಲಿ ಕೂತವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿದರೆ, 8 ಜನರ ಕೂಟಕ್ಕೆ 28 ಗೆರೆ. ಏಳು ದಿನದ ಸಪ್ತಾಹದ ಕಾಗದದಲ್ಲಿ 40 ಹೆಸರಿದ್ದರೆ 780! ಸೋಮವಾರ ಬಂದವರು ಶನಿವಾರದವರ ಮುಖವನ್ನೂ ನೋಡಿರುವುದಿಲ್ಲ. ಸಪ್ತಾಹಗಳನ್ನು ಪ್ರಸಂಗ ಪ್ರಸಂಗವಾಗಿ ಒಡೆದು ಬರೆದೆ. ಈ ಕೆಲಸ ಯಾವ ಕೋಡೂ ಮಾಡಿಕೊಡುವುದಿಲ್ಲ.

ಆಮೇಲೆ ಬಿಟ್ವೀನ್‌ನೆಸ್ ತೆಗೆದೆ. ಬೇರೆ ಬೇರೆ ಬಳಗಗಳ ನಡುವಿನ ದಾರಿ ಯಾರ ಮೂಲಕ ಜಾಸ್ತಿ ಹಾದುಹೋಗುತ್ತದೆ ಎಂಬ ಲೆಕ್ಕ ಅದು. ಪಟ್ಟಿಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಮೇಲೆ ಮಾಡಿ ನೋಡಿದರು.

“ಇದೆಂತ ಮಾರಾಯ? ಇವರು ನಮ್ಮ ಕಡೆಗೆ ಬಂದದ್ದೇ ಎರಡು ಸಲ. ಇವರು ಹೇಗೆ ಮೊದಲು?”

ಅವರು ಹೇಳಿದ್ದೇ ಸರಿ. ಕೂಟಗಳ ಜಾಲವನ್ನು ಜನರ ಜಾಲವಾಗಿ ಮಾಡುವಾಗ ಐಗ್ರಾಫ್, ಇಬ್ಬರು ಎಷ್ಟು ಸಲ ಒಟ್ಟಿಗೆ ಕೂತರು ಎಂಬುದನ್ನು ತೂಕವಾಗಿ ಬರೆದಿಡುತ್ತದೆ. ಆದರೆ ಬಿಟ್ವೀನ್‌ನೆಸ್ ಆ ತೂಕವನ್ನು ದೂರ ಎಂದು ಓದುತ್ತದೆ. 30 ಸಲ ಜೊತೆಯಾದವರು 30 ಮೈಲಿ ದೂರ, ಒಂದೇ ಸಲ ಸಿಕ್ಕವರು ಪಕ್ಕದ ಮನೆ! ಹಾಗಾಗಿ ಅಪರೂಪದ ಅತಿಥಿ ಮೇಲೆ ಬಂದು ಕೂತಿದ್ದರು. 1 ಎಂಬ ಸಂಖ್ಯೆಯನ್ನು ತೂಕದಿಂದ ಭಾಗಿಸಿ, ಬಂದದ್ದನ್ನು ದೂರವಾಗಿ ಕೊಟ್ಟ ಮೇಲೆ ಲೆಕ್ಕ ಸರಿಹೋಯಿತು. ಕೆಂಪು ಅಕ್ಷರದ ಎಚ್ಚರಿಕೆ ಏನೂ ಬಂದಿರಲಿಲ್ಲ. ಅಪ್ಪ ಇಲ್ಲದಿದ್ದರೆ ನಾನು ಅದನ್ನೇ ನಂಬುತ್ತಿದ್ದೆ.

ಎರಡನೇ ಪಟ್ಟಿಯಲ್ಲಿ ಮೊದಲು ಬಂದದ್ದು ಹೆಸರಾಂತ ಅರ್ಥಧಾರಿಯಲ್ಲ, ಒಬ್ಬ ಮದ್ದಳೆಗಾರರು. ಕುಂಬಳೆ ಕಡೆಯ ಬಳಗಕ್ಕೂ ಮುಳ್ಳೇರಿಯ ಕಡೆಯದಕ್ಕೂ ಅವರೇ ಕೊಂಡಿ.

ನನಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಸುಮ್ನೆ ಒಂದು ಹಳೇ ಕಾಗದ ತೆಗೆದು ಕೊನೆಯ ಸಾಲಿಗೆ ಬೆರಳಿಟ್ಟರು. ‘ಹಿಮ್ಮೇಳ: ಊರ ಕಲಾವಿದರು’. ಹೆಸರೇ ಇಲ್ಲ. ಅಂಥವು 37 ಸಿಕ್ಕಿದವು. ಅಷ್ಟು ಕೂಟಗಳಲ್ಲಿ ಭಾಗವತರು ಯಾರು, ಚೆಂಡೆಗೆ ಯಾರು ಎಂಬುದು ಅಪ್ಪನ ತಲೆಯಲ್ಲಿ ಮಾತ್ರ ಇದೆ. ಈಗ ಸಂಜೆ ಚಾ ಕುಡಿದು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆದು ಕೊಡುತ್ತಾರೆ. ನಾನು ಅದಕ್ಕೆ ಮೂರನೇ ಕಾಲಂ ಮಾಡಿದ್ದೇನೆ: ಅಚ್ಚಿನಲ್ಲಿದ್ದರೆ ‘ಕಾ’, ನೆನಪಿನದ್ದಾದರೆ ‘ನೆ’.