ಮಲಹರಿ ಹಾಕಿ ನೋಡಿದೆ

ಕಳೆದ ಜೂನ್‌ನಲ್ಲಿ ನಮ್ಮ ಸಂಗೀತದ ಕೋಣೆಗೆ ಸ್ಮಾರ್ಟ್ ಬೋರ್ಡ್ ಬಂತು. ಹಾರ್ಮೋನಿಯಂ ಇಟ್ಟಿದ್ದ ಮೇಜು ಮೂಲೆ ಸೇರಿತು. "ವಾರಕ್ಕೆ ಒಂದು ಪೀರಿಯಡ್ಡಾದರೂ ಇದರಲ್ಲಿ ಮಾಡಿ" ಅಂದರು ಹೆಡ್‌ಮೇಡಂ. ಆರು, ಏಳನೇ ತರಗತಿಯ ಮಕ್ಕಳು. ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರ ಮುಗಿಸಿ ಆಗಷ್ಟೇ ಗೀತೆ ಹಿಡಿದಿದ್ದವರು. ಅವರ ಮುಂದೆ ಯಾವ ಜಾಲತಾಣ ತೆರೆಯಬೇಕು ಅನ್ನುವ ಕೆಲಸ ನನ್ನ ಪಾಲಿಗೆ ಬಂತು.

ಹಿಂದೆ ಯಾವಾಗಲೋ ಬರೆದಿಟ್ಟುಕೊಂಡಿದ್ದ ಪಟ್ಟಿ ಹುಡುಕಿ ತೆಗೆದೆ. ಅರ್ಧಕ್ಕರ್ಧ ಸತ್ತುಹೋಗಿದ್ದವು. ಮಕ್ಕಳಿಗೆಂದು ಮಾಡಿದ್ದ ಚೆಂದದ ಆಟಗಳೆಲ್ಲ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಓಡುವಂಥವು. 2020ರ ಕೊನೆಗೆ ಅಡೋಬಿಯವರು ಅದನ್ನು ನಿಲ್ಲಿಸಿದ ಮೇಲೆ ಬರೀ ಬೂದು ಚೌಕ.

ಉಳಿದವನ್ನು ಬಿ.ಎಡ್‌ನಲ್ಲಿ ಕಲಿತ ಹಾಗೆಯೇ ನೋಡಲು ಕೂತೆ. ಬರೆದವರು ಯಾರು, ಕೊನೆಗೆ ತಿದ್ದಿದ್ದು ಯಾವಾಗ, ಜಾಹೀರಾತು ಎಷ್ಟು. ಕೇಳಬೇಕಾದ ಪ್ರಶ್ನೆಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಇವಕ್ಕೆಲ್ಲ ಒಪ್ಪುವ ಉತ್ತರ ಕೊಟ್ಟ ತಾಣವೊಂದು ಮಲಹರಿ ರಾಗದ ಆರೋಹಣಕ್ಕೆ ಗಾಂಧಾರ, ಅಂದರೆ 'ಗ', ಸೇರಿಸಿಬಿಟ್ಟಿತ್ತು! ಮಲಹರಿ ಹತ್ತುವುದು ಸ ರಿ ಮ ಪ ದ ಸ, ಇಳಿಯುವುದು ಸ ದ ಪ ಮ ಗ ರಿ ಸ. ಗಾಂಧಾರ ಇಳಿಯುವಾಗ ಮಾತ್ರ, ನಿಷಾದ, ಅಂದರೆ 'ನಿ', ಇಲ್ಲವೇ ಇಲ್ಲ. ಗೀತೆ ಕಲಿತ ಮಗುವಿಗೂ ಗೊತ್ತಿರುವ ವಿಷಯ. ಅವತ್ತಿನಿಂದ ಯಾವ ತಾಣ ತೆರೆದರೂ ಮೊದಲು ಮಲಹರಿಯನ್ನೇ ಹುಡುಕುತ್ತೇನೆ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕಲ್ಲ.

ಸಾಹಿತ್ಯದ್ದು ಇನ್ನೊಂದು ಪಾಡು. ಹೆಚ್ಚಿನ ಕಡೆ ದಾಸರ ಪದಗಳೂ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. 'ಕೆರೆಯ ನೀರನು ಕೆರೆಗೆ ಚೆಲ್ಲಿ' ಗೀತೆಯನ್ನು ಹಾಗೆ ಓದಿಕೊಂಡು ಬಂದ ಹುಡುಗ 'ಪಡೆದವರಂತೆ ಕಾಣಿರೋ' ಅನ್ನುವುದನ್ನು 'ಪದೆದವರಂತೆ ಕಾನಿರೋ' ಅಂತ ಹಾಡಿದ. ಅವನದು ತಪ್ಪೇನಿಲ್ಲ, ಆ ಲಿಪಿಯಲ್ಲಿ ಡಕಾರವೂ ದಕಾರವೂ ಒಂದೇ. ಕನ್ನಡ ಲಿಪಿ ಇಲ್ಲದ ಸಾಹಿತ್ಯವನ್ನು ಬೋರ್ಡಿಗೆ ಹಾಕುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

ಅಕ್ಷರದ ಈ ಗಲಾಟೆ ನನ್ನ ಬುಡಕ್ಕೂ ಬಂತು. ಒಂದು ದಿನ 72 ಮೇಳಕರ್ತಗಳ, ಅಂದರೆ ಮೂಲ ರಾಗಗಳ, ಪಟ್ಟಿಯೊಂದನ್ನು ತೆರೆದು, "ಇದು ಸರಿಯಾಗಿದೆಯೋ ಇಲ್ಲವೋ ನೀವೇ ಪರೀಕ್ಷೆ ಮಾಡಿ" ಅಂತ ಏಳನೇ ತರಗತಿಯವರಿಗೆ ಬಿಟ್ಟೆ. ಪ್ರತಿ ವ್ಯಂಜನಕ್ಕೂ ಒಂದು ಅಂಕಿ ಕೊಡುವ ಕಟಪಯಾದಿ ಲೆಕ್ಕ ಹೇಳಿಕೊಟ್ಟಿದ್ದೆ. ಹೆಸರಿನ ಮೊದಲೆರಡು ಅಕ್ಷರದ ಅಂಕಿ ಹಿಡಿದು ತಿರುವಿ ಹಾಕಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳಕ್ಕೆ ಮ ಐದು, ಯ ಒಂದು, ತಿರುವಿದರೆ 15. ಧೀರಶಂಕರಾಭರಣ 29. ಖರಹರಪ್ರಿಯ 22. ಎಲ್ಲ ಸರಾಗ. ಅಷ್ಟರಲ್ಲಿ ಕೊನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ಮಿಸ್, ನಟಭೈರವಿ ತಪ್ಪಿದೆ. ನ ಸೊನ್ನೆ, ಟ ಒಂದು. ಹತ್ತು ಬರತ್ತೆ. ಇಲ್ಲಿ 20 ಅಂತಿದೆ."

ಒಂದು ಕ್ಷಣ ನನಗೂ ತೋಚಲಿಲ್ಲ. ನಟಭೈರವಿ 20ನೆಯ ಮೇಳವೇ. 10 ಅಂದರೆ ನಾಟಕಪ್ರಿಯ. ಬ್ಯಾಗಿನಲ್ಲಿದ್ದ ನಮ್ಮ ಗುರುಗಳ ಕಾಲದ ನೋಟ್‌ಬುಕ್ ತೆಗೆದು ನೋಡಿದರೆ ಸ್ಪಷ್ಟವಾಗಿ 'ನಠಭೈರವಿ' ಅಂತಿದೆ. ಠಕಾರಕ್ಕೆ ಎರಡು, ಲೆಕ್ಕ ಕೂಡಿತು. ತಾಣದ ಸಂಖ್ಯೆ ಸರಿಯಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಮಹಾಪ್ರಾಣ ಕಳೆದುಹೋಗಿತ್ತು. ತಾಣವನ್ನೊಂದೇ ಬೈದು ಏನು ಪ್ರಯೋಜನ? ಹೋದ ವರ್ಷ ಇದೇ ಮಕ್ಕಳಿಗೆ 'ನಟಭೈರವಿ' ಅಂತ ಬರೆಸಿದ್ದು ನಾನೇ. ಹಾಗೆ ಹೇಳಿಯೇ ತಿದ್ದಿಸಿದೆ. ಅವರಿಗಂತೂ ಹಬ್ಬ.

ಈ ಹುಡುಕಾಟದಲ್ಲಿ ನನಗೆ ಹೆಚ್ಚು ಒದಗಿದ್ದು ಮಲಹರಿಯ ಹೆಸರೇ ಇಲ್ಲದ ಒಂದು ತಾಣ. ಗೂಗಲ್‌ನವರು 2016ರಲ್ಲಿ ಬಿಟ್ಟ ಕ್ರೋಮ್ ಮ್ಯೂಸಿಕ್ ಲ್ಯಾಬ್. ನನ್ನ ಜರಡಿಯಲ್ಲಿ ಅದು ಮೊದಲನೇ ಸುತ್ತಿಗೇ ಬಿದ್ದುಹೋಗಬೇಕಿತ್ತು. ಅದರಲ್ಲಿ ಚೌಕದ ಮನೆಗಳನ್ನು ಒತ್ತಿ ಸ್ವರ ಜೋಡಿಸುವ ಸಾಂಗ್ ಮೇಕರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲನ್ನು ಕ್ರೋಮ್ಯಾಟಿಕ್ ಮಾಡಿಕೊಂಡರೆ ಹನ್ನೆರಡೂ ಸ್ವರಸ್ಥಾನದ ಮನೆಗಳು ಸಿಗುತ್ತವೆ. ಹಾಗೆ ಮಾಡದಿದ್ದರೆ ಅದು ತೆರೆದುಕೊಳ್ಳುವುದು ಶಂಕರಾಭರಣ ರಾಗದ ಸ್ವರಗಳಲ್ಲಿ. ಮಾಯಾಮಾಳವಗೌಳವನ್ನು ಮಕ್ಕಳೇ ಮನೆ ಎಣಿಸಿ ಹಾಕಿದರು: ಸ, ರಿ ಅಕ್ಕಪಕ್ಕ, ಆಮೇಲೆ ಎರಡು ಮನೆ ಖಾಲಿ, ಮತ್ತೆ ಗ, ಮ ಅಕ್ಕಪಕ್ಕ. ಪ, ದ, ನಿ, ಸ ಕೂಡ ಇದೇ ನಕ್ಷೆ. ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದು ಹತ್ತು ನಿಮಿಷದಲ್ಲಿ ಕಣ್ಣಿಗೆ ಕಂಡಿತು. ಗಮಕ, ಅಂದರೆ ಸ್ವರವನ್ನು ಅಲುಗಿಸಿ, ಬಳುಕಿಸಿ ಹಾಡುವುದು, ಮಾತ್ರ ಆ ಚೌಕಗಳಲ್ಲಿ ಹಿಡಿಯುವುದಿಲ್ಲ. ಹಾಗೆ ನೋಡಿದರೆ ನಮ್ಮ ಸ್ವರಲಿಪಿಯ ತಾಣಗಳಲ್ಲೂ ಅದು ಇಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲೇ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ಗ್ರಂಥದಲ್ಲಿ ಗಮಕಕ್ಕೆ ಗುರುತು ಹಾಕಿ ಅಚ್ಚು ಮಾಡಿಸಿದ್ದರು. ನಾನು ನೋಡಿದ ತಾಣಗಳಲ್ಲಿ ಹೆಚ್ಚಿನವು ಬರೀ ಅಕ್ಷರ ಜೋಡಿಸಿ ಕೈತೊಳೆದುಕೊಂಡಿವೆ.

ಅದೇ ಲ್ಯಾಬಿನಲ್ಲಿ ಸ್ಪೆಕ್ಟ್ರೋಗ್ರಾಮ್ ಅಂತ ಒಂದಿದೆ. ಮೈಕ್‌ಗೆ ಅನುಮತಿ ಕೊಟ್ಟು ಹಾಡಿದರೆ ದನಿ ಬಣ್ಣದ ಗೆರೆಗಳಾಗಿ ಸರಿಯುತ್ತದೆ, ಒಂದೇ ಸ್ವರಕ್ಕೂ ಒಂದರ ಮೇಲೊಂದು ಹಲವು ಗೆರೆ. ನಾನು ರಿಷಭವನ್ನು, ಅಂದರೆ 'ರಿ'ಯನ್ನು, ಕಂಪಿತದೊಡನೆ, ನಡುಗಿಸುವ ಗಮಕದೊಡನೆ, ಹಿಡಿದೆ. ಗೆರೆಗಳು ಅಲೆಯಾಗಿ ಓಡಿದವು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ತಾನಾಗಿ ಎದ್ದು ಬಂದು, ಮೈಕಿನ ಹತ್ತಿರ ಬಗ್ಗಿ "ರೀ" ಅಂದ. ಗೆರೆ ಕೋಲಿನ ಹಾಗೆ ನೆಟ್ಟಗೆ ಹೋಯಿತು.

"ಮಿಸ್, ನಿಮ್ದು ಅಲ್ಲಾಡ್ತು. ನಂದ್ಯಾಕೆ ಅಲ್ಲಾಡ್ಲಿಲ್ಲ?"

ಆ ಪೀರಿಯಡ್ಡು ರಿಷಭ ಒಂದರಲ್ಲೇ ಮುಗಿಯಿತು.