ಔಷಧಿ ಸಿಂಪಡಿಸುವ ಮುನ್ನ ಮೊಬೈಲ್ ನೋಡಿ

ಎರಡು ಎಕರೆ ತೊಗರಿಗೆ ಔಷಧಿ ಹೊಡೆದ ಸಂಜೆಯೇ ಮಳೆ ಸುರಿದರೆ ಸಣ್ಣ ರೈತನ ಹಣವೂ ಕೂಲಿಯೂ ನೀರುಪಾಲಾಗುತ್ತವೆ. ಆದ್ದರಿಂದ ಮೊದಲು ಹವಾಮಾನ ಇಲಾಖೆಯ ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡವನ್ನೂ ನಿಮ್ಮ ಜಿಲ್ಲೆಯನ್ನೂ ಆರಿಸಿಕೊಂಡು, ಮುಂದಿನ 5 ದಿನಗಳ ಮಳೆ, ಗಾಳಿಯ ವೇಗ ಮತ್ತು ತೇವಾಂಶದ ಮುನ್ಸೂಚನೆಯನ್ನು ಓದಿರಿ. ಮಂಗಳವಾರ ಮತ್ತು ಶುಕ್ರವಾರ ಬೆಳೆವಾರು ಸಲಹೆಯೂ ಹೊಸದಾಗುತ್ತದೆ. ಆದರೆ ಮುನ್ಸೂಚನೆ ವಿಶಾಲ ಪ್ರದೇಶಕ್ಕೆ ಸೇರಿದ್ದು. ನಿಮ್ಮ ಹೊಲದ ಮೇಲಿನ ಮೋಡವನ್ನು, ಗಿಡದಲ್ಲಿರುವ ಕಾಯಿಕೊರಕವನ್ನು ನೀವೇ ಕಣ್ಣಾರೆ ನೋಡಬೇಕು. ಹುಳು ಆರ್ಥಿಕ ನಷ್ಟದ ಮಟ್ಟ, ಅಂದರೆ ಬೆಳೆಹಾನಿಯು ಸಿಂಪರಣೆಯ ಖರ್ಚನ್ನು ಮೀರುವಷ್ಟು ಸಂಖ್ಯೆ, ಮುಟ್ಟದಿದ್ದರೆ ಸಿಂಪರಣೆಯೇ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ. ಸಂದೇಹವಿದ್ದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕಿಸಾನ್ ಕಾಲ್ ಸೆಂಟರ್‌ನ 1800 180 1551ಕ್ಕೆ ಉಚಿತವಾಗಿ ಕರೆ ಮಾಡಿ, ಬೆಳೆಯ ವಯಸ್ಸು, ಹುಳುವಿನ ಲಕ್ಷಣ, ಹಿಂದೆ ಬಳಸಿದ ಔಷಧಿ ಇವುಗಳನ್ನು ಕನ್ನಡದಲ್ಲೇ ವಿವರವಾಗಿ ತಿಳಿಸಿರಿ.