ಒಂದ ಸ್ವಾಬ್‌ನ್ಯಾಗ ಎರಡು ಫ್ಲೂ ಬಂದ್ರ ನಾ ಏನ್ ಮಾಡ್ತೀನಿ

ನಾ ಬೆಳಗಾವಿ ಕಡಿಯವ, ಪುಣೆದಾಗ ಒಂದು ಲ್ಯಾಬಿನ್ಯಾಗ ಫ್ಲೂ ಹುಡುಕೋ ಪಿಸಿಆರ್ (ವೈರಸ್ಸಿನ ಜೀನನ್ನ ಸೈಕಲ್ ಸೈಕಲ್ಲಿಗೂ ಎರಡು ಪಟ್ಟು ಮಾಡಿ ನೋಡೋ ಪರೀಕ್ಷೆ) ನೋಡ್ಕೋತೀನಿ. ಮಳಿ ಹಿಡೀತಂದ್ರ ಜುಲೈದಿಂದ ಸೆಪ್ಟೆಂಬರ್ ತನಕ ತಲಿ ಎತ್ತಾಕ ಆಗಂಗಿಲ್ಲ, ಮತ್ತ ಜನವರಿ-ಮಾರ್ಚ್‌ನ್ಯಾಗ ಇನ್ನೊಂದು ಸುತ್ತು. ಮೊದ್ಲ ಫ್ಲೂ ಎ ಐತೋ ಬಿ ಐತೋ ನೋಡೋದು, ಎ ಬಂದ್ರ ಎಚ್1ಎನ್1 ಏನು ಎಚ್3ಎನ್2 ಏನು ಅಂತ ಟೈಪ್ ಮಾಡೋದು. ಬಿ ಒಳಗ ವಿಕ್ಟೋರಿಯಾ, ಯಮಗಾಟಾ ಅಂತ ಎರಡು ವಂಶ, ಈಗ ಬರೋದು ವಿಕ್ಟೋರಿಯಾನ, ಯಮಗಾಟಾ 2020ರ ಮಾರ್ಚ್ ಆದ ಮ್ಯಾಲ ಜಗತ್ತಿನ್ಯಾಗ ಎಲ್ಲೂ ಖಾತ್ರಿಯಾಗಿ ಸಿಕ್ಕಿಲ್ಲ.

ವಾರದ ಗ್ರಾಫಿಗೆ ಜ್ವರ ಶುರು ಆದ ತಾರೀಖನ್ನ ಹಿಡೀತೀನಿ, ಸ್ಯಾಂಪಲ್ ಬಂದ ತಾರೀಖ್ ಹಿಡಿದ್ರ ಗಣಪತಿ ಸೂಟಿ ಮುಗಿದ ವಾರ ರೋಗ ಒಮ್ಮೆಲೆ ಏರಿದಂಗ ಕಾಣ್ತೈತಿ.

ಈಗ ಖರೇ ತಲಿನೋವು ಎರಡೂ ಪಾಸಿಟಿವ್ ಬಂದಾಗ. ಸಿಟಿ ಅಂದ್ರ ವೈರಸ್ ಕಾಣಾಕ ಎಷ್ಟನೇ ಸೈಕಲ್ ಬೇಕಾತು ಅನ್ನೋ ಲೆಕ್ಕ, ಅದು ಹೆಚ್ಚಾದಷ್ಟು ವೈರಸ್ ಕಡಿಮಿ. ಎಚ್3 ಸಿಟಿ 22, ಎಚ್1 ಸಿಟಿ 37 ಅಂತ ಇಟ್ಕೊಳ್ರಿ, ಹದಿನೈದು ಸೈಕಲ್ ಫರಕ್ ಅಂದ್ರ ಎರಡನೇದು ಸುಮಾರು 30 ಸಾವಿರ ಪಟ್ಟು ಕಡಿಮಿ, ಅಂಥಾದ್ದನ್ನ ನಾ ಸುಮ್ನ ನಂಬಂಗಿಲ್ಲ. ಬಾಜೂ ವೆಲ್‌ನ್ಯಾಗ (ಪ್ಲೇಟಿನ ಗುಳಿ) ಜೋರ್ ಎಚ್1 ಇದ್ದು ಇಲ್ಲಿಗೆ ಸಿಡಿದೈತೇನು, ನೆಗೆಟಿವ್ ಕಂಟ್ರೋಲ್ (ವೈರಸ್ ಇಲ್ಲದ ಸ್ಯಾಂಪಲ್) ಸ್ವಚ್ಛ ಐತೇನು ನೋಡಿ, ಆಮ್ಯಾಲ ಮೊದಲಿನ ವಿಟಿಎಂ ಟ್ಯೂಬ್ (ಸ್ವಾಬ್ ಹಾಕಿಟ್ಟ ದ್ರವದ್ದು) ತಗದು ವೈರಸ್ಸಿನ ಆರ್‌ಎನ್‌ಎ ಹೊಸದಾಗಿ ತಗೀತೀನಿ, ಅದ ಹಳೇ ಆರ್‌ಎನ್‌ಎ ಮತ್ತ ಓಡಿಸಿದ್ರ ಅದನ್ನ ತಗಿಯುವಾಗ ಕೂಡಿದ ಗಲೀಜು ಹಂಗ ಉಳೀತೈತಿ. ಸಣ್ಣ ಹುಡುಗ್ರ ಸ್ಯಾಂಪಲ್ ಆದ್ರ ಮೂಗಿಗೆ ಹೊಡಿಯೋ ಫ್ಲೂ ಲಸಿಕಿ ಇತ್ತೀಚಿಗೆ ಹಾಕ್ಸೀರೇನ್ರಿ ಅಂತ ತಾಯಿಗೆ ಫೋನ್ ಮಾಡಿಸ್ತೀನಿ, ಅದು ಜೀವ ಇರೋ ಆದ್ರ ಬಲ ತಗದ ವೈರಸ್ಸು, ಲಸಿಕಿದ್ದ ತಳಿಗೋಳು ಮಶೀನಿಗೆ ಪಾಸಿಟಿವ್ ಆಗೇ ಕಾಣ್ತಾವ.

ಇಷ್ಟೆಲ್ಲಾ ಆಗಿ ಮತ್ತೂ ಎರಡೂ ಬಂದ್ರ ಮಾತ್ರ ಡಬಲ್ ಅಂತ ಬರೀತೀನಿ, ಸೀಕ್ವೆನ್ಸಿಂಗಿಗೂ (ವೈರಸ್ಸಿನ ಜೀನೋಮ್ ಅಕ್ಷರ ಅಕ್ಷರ ಓದಾಕ) ಕಳಸ್ತೀನಿ. ಯಾಕಂದ್ರ ಈ ವೈರಸ್ಸಿನ ಜೀನೋಮ್ 8 ತುಂಡು, ಒಂದ ಜೀವಕೋಶದಾಗ ಎರಡು ತಳಿ ಹೊಕ್ರ ತುಂಡು ಅದಲುಬದಲು ಆಗಬಹುದು, ಹಂದಿಗೋಳ ಒಳಗ ಹಂಗ ಕೂಡಿ ಹುಟ್ಟಿದ್ದ 2009ರ ಎಚ್1ಎನ್1, ಅದರಿಂದ ದೇಶದಾಗ ಮೊದಲ ಸಾವು ಆಗಿದ್ದೂ ಇದ ಪುಣೆದಾಗ, ಆಗಸ್ಟ್‌ನ್ಯಾಗ.

ಆದ್ರ ವಾರ್ಡಿನ್ಯಾಗ ಮಲಗಿದ ಪೇಶಂಟಿಗೆ ಈ ಡಬಲ್‌ಗಿಂತ ಫ್ಲೂ ಮ್ಯಾಲ ಬ್ಯಾಕ್ಟೀರಿಯಾ ಕೂಡೋದ ಹೆಚ್ಚು ಹೊಡ್ತ. 1918ರಾಗ ಸತ್ತವ್ರೊಳಗೂ ಭಾಳ ಮಂದಿ ಹಂಗ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಹೋದ್ರು. ಅದು ನನ್ನ ಫ್ಲೂ ಕಿಟ್ಟಿಗೆ ಕಾಣಂಗಿಲ್ಲ, ಅದಕ್ಕ ಜ್ವರ ಇಳಿದು ಮತ್ತ ಏರೇತಿ ಅಂತ ಫಾರಂನ್ಯಾಗ ಇದ್ರ ಡಾಕ್ಟರಿಗೆ ಫೋನ್ ಹಚ್ಚಿ ಕಫ, ರಕ್ತದ ಕಲ್ಚರ್ ಕಳಸ್ರಿ ಸರ್ ಅಂತೀನಿ. ಕೆಲವ್ರು ಸಿಟ್ಟಾಗ್ತಾರ, ಆಗ್ಲಿ ಬಿಡ್ರಿ.